ಯೇಸುಸ್ವಾಮಿ ಓದಿದ ಗ್ರಂಥ ನಾವ್ಯಾಕ ಬಿಟ್ಟೀವಿ?

[ಪರದೆ ಮೇಲೆ: ಮತ್ತಾಯ 4, ಧರ್ಮೋಪದೇಶಕಾಂಡ 8, ಅಕ್ಕಪಕ್ಕ]

ಎಲ್ಲಾರಿಗೂ ನಮಸ್ಕಾರ್ರಿ. ಬೆಳಗಾವಿ, ಗೋಕಾಕ, ಬೈಲಹೊಂಗಲ ಕಡೆಯಿಂದ ನೋಡಾಕತ್ತಿರೋ ವಿಶ್ವಾಸಿಗಳಿಗೆ ಇವತ್ತ ಒಂದು ನೇರ ಮಾತು. ಭಾಳ ಮಂದಿ ಬೈಬಲ್ ತೆಗೆದ್ರ ಸೀದಾ ಹೊಸ ಒಡಂಬಡಿಕೆಯ ಮೊದಲನೇ ಪುಸ್ತಕ ಮತ್ತಾಯಕ್ಕ ಹೋಗ್ತೀವಿ. ಹಳೆ ಒಡಂಬಡಿಕೆಯೊಳಗ 23ನೇ ಕೀರ್ತನೆ ಬಾಯಿಪಾಠ, ಉಳಿದದ್ದು ಯೆಹೂದ್ಯರದು ಅಂತ ಬಿಟ್ಟಬಿಡ್ತೀವಿ.

ಆದ್ರ ಯೇಸುಸ್ವಾಮಿ ಓದಿದ್ದು ಅದ ಗ್ರಂಥ. ಅಡವಿಯೊಳಗ ಸೈತಾನ ಮೂರು ಸಲ ಶೋಧಿಸಿದಾಗ ಮೂರೂ ಉತ್ತರ ಧರ್ಮೋಪದೇಶಕಾಂಡದಿಂದ ಕೊಟ್ರು. ನಜರೇತಿನ ಸಭಾಮಂದಿರದಾಗ ಎದ್ದು ನಿಂತು ಓದಿದ್ದು ಯೆಶಾಯನ ಸುರುಳಿ. ಶಿಲುಬೆ ಮ್ಯಾಲೆ "ನನ್ನ ದೇವರೇ, ನನ್ನ ದೇವರೇ" ಅಂತ ಕೂಗಿದ್ದು 22ನೇ ಕೀರ್ತನೆ. ಅದನ್ನ ಪೂರ್ತಿ ಓದ್ರಿ: ಗೋಳಿನಿಂದ ಸುರುವಾಗಿ ಸ್ತೋತ್ರದಾಗ ಮುಗೀತೈತಿ.

[ದೃಶ್ಯ: ಬಿಳಿಜೋಳದ ಹೊಲ, ಸುಗ್ಗಿ]

ಮತ್ತಾಯನ ವಂಶಾವಳಿ ಗಡಿಬಿಡಿಲೆ ದಾಟ್ತೀವಲ್ಲ, ಅದರ ಐದನೇ ವಚನದಾಗ ರೂತಳ ಹೆಸರೈತಿ. ಯಾರಾಕಿ? ಇಸ್ರಾಯೇಲಿನ ಪಕ್ಕದ ದೇಶ ಮೋವಾಬಿನಾಕಿ, ಗಂಡ ಸತ್ತಾಕಿ. ಅತ್ತಿ ನೊವೊಮಿ ಕೈಬಿಡದ ಬೆತ್ಲೆಹೇಮಿಗೆ ಬಂದಳು. ಆಗ ಜವೆಗೋಧಿ ಸುಗ್ಗಿ. ಹೊಲದ ಅಂಚು ಪೂರ್ತಿ ಕೊಯ್ಯಬ್ಯಾಡ್ರಿ, ಹಕ್ಕಲ ಆಯಬ್ಯಾಡ್ರಿ, ಅದು ಬಡವರಿಗೆ, ಪರದೇಶಿಗೆ ಅಂತ ಯಾಜಕಕಾಂಡ 19ರಾಗ ಕಟ್ಟಳೆ ಐತಿ. ನಮ್ಮ ಎರಿ ಹೊಲದಾಗ ಹಕ್ಕಲ ಆಯ್ದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ರೂತಳು ಹಕ್ಕಲ ಆಯಾಕ ಹೋದ ಹೊಲದ ಮಾಲೀಕ ಬೋವಜ ಇನ್ನೂ ಮುಂದ ಹೋಗ್ತಾನ: ಸಿವುಡಿನಿಂದ ಬೇಕಂತಲೇ ತೆನಿ ಎಳೆದು ಬಿಡ್ರಿ, ಆಕೀನ ಗದರಿಸಬ್ಯಾಡ್ರಿ ಅಂತ ಆಳುಗಳಿಗೆ ಹೇಳ್ತಾನ. ಸಂಜೀಕ ಆಕಿ ಬಡಿದು ನೋಡಿದ್ರ ಸುಮಾರು ಒಂದು ಎಫಾ (ಆಗಿನ ಕಾಲದ ಕಾಳಿನ ಅಳತಿ) ಕಾಳು. ಆ ರೂತಳ ಮರಿಮಗ ದಾವೀದ ರಾಜ.

ಅದ ಯಾಜಕಕಾಂಡ 19ರಾಗ, ಕೆಲವ ವಚನ ಕೆಳಗ, "ನೆರೆಯವನನ್ನು ನಿನ್ನಂತೆಯೇ ಪ್ರೀತಿಸು" ಅನ್ನೋದು ಬರತೈತಿ. ಸುವಾರ್ತೆಯೊಳಗ ಆ ಮಾತು ಓದಿ ಎಷ್ಟೋ ಮಂದಿ ಅಲ್ಲೇ ಹುಟ್ಟಿದ್ದು ಅಂದ್ಕೋತಾರ. ಯೇಸುಸ್ವಾಮಿ ಎತ್ತಿ ಹೇಳಿದ ಪ್ರೀತಿಗೆ ಹೊಲ ಐತಿ, ಕಾಳು ಐತಿ, ಹಸಿದ ಪರದೇಶಿ ಹೆಣ್ಮಗಳು ಅದಾಳ. ಅದು ಕಾಣಬೇಕಂದ್ರ ಹಿಂದಿನ ಪುಟ ತಿರುವಬೇಕು.

ಹಳೇದು ಬ್ಯಾಡ ಅನ್ನೋ ವಾದಾನೂ ಹಳೇದು. 2ನೇ ಶತಮಾನದಾಗ ಮಾರ್ಸಿಯನ್ ಅನ್ನೋ ಕ್ರೈಸ್ತ ಬೋಧಕ ಹಂಗ ಹೇಳಿದ್ದ, ರೋಮಿನ ಸಭೆ ಅವನನ್ನ ಹೊರಗ ಹಾಕ್ತು.

ಇನ್ನೊಂದು ಮಾತ್ರಿ. ಇದು ಇವತ್ತಿಗೂ ಯೆಹೂದ್ಯರ ಗ್ರಂಥ. ಪ್ರತಿ ಸಾಲಿನಾಗೂ ಯೇಸುಸ್ವಾಮೀನ ಹುಡುಕೋ ಅವಸರದಾಗ ಇಸ್ರಾಯೇಲರ ಕಥಿ ಅಳಿಸಬಾರದು.

ರೂತಳ ಪುಸ್ತಕದಿಂದ ಸುರು ಮಾಡ್ರಿ, ಬರೇ 4 ಅಧ್ಯಾಯ. ಮನ್ಯಾಗ ಎಲ್ಲಾರೂ ಕೇಳುವಂಗ ಜೋರಾಗಿ ಓದ್ರಿ. ಮುಂದಿನ ವಿಡಿಯೋದಾಗ ಪ್ರವಾದಿ ಆಮೋಸ: ತಕ್ಕಡಿಯೊಳಗ ಮೋಸ ಮಾಡೋ ವ್ಯಾಪಾರಿಗಳಿಗೆ ಅವ ಏನಂದಾನ ಅನ್ನೋದನ್ನ ನೋಡೂಣ.