ಕಾವಲಿಲ್ಲದ ಊರಿನಲ್ಲಿ ನೊಂದವರ ಮಾತು

ಕೇಳುಗರಿಗೆ ನಮಸ್ಕಾರ. ಪೊಲೀಸರಿಲ್ಲದ, ಸೆರೆಮನೆಯಿಲ್ಲದ ಆದರ್ಶ ಸಮುದಾಯವೊಂದನ್ನು ಕಟ್ಟಿಕೊಂಡವರು ತಮ್ಮೊಳಗೇ ಒಬ್ಬರು ಇನ್ನೊಬ್ಬರ ಮೇಲೆ ಕೈ ಮಾಡಿದಾಗ ಏನು ಮಾಡಬೇಕು?

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 1848ರಲ್ಲಿ ನೆಲೆಯಾದ ಒನೈಡಾ ಸಮುದಾಯದಲ್ಲಿ ತಪ್ಪು ಮಾಡಿದವರು ಸಭೆಯ ನಡುವೆ ಮೌನವಾಗಿ ಕುಳಿತು, ಉಳಿದವರು ಅವರ ನಡತೆಯ ಕುಂದುಗಳನ್ನು ಒಂದೊಂದಾಗಿ ಹೇಳುವುದನ್ನು ಕೇಳಬೇಕಾಗಿತ್ತು. ಹಲವು ವರ್ಷ ಅದು ನಡೆಯಿತು. ಆದರೆ ಸಂಸ್ಥಾಪಕ ಜಾನ್ ನಾಯ್ಸ್ ಅವರನ್ನು ಆ ಸಭೆ ತಿದ್ದಲಾರದೆ ಹೋಯಿತು. ಎಳೆಯ ಹುಡುಗಿಯರೊಂದಿಗಿನ ಸಂಬಂಧಕ್ಕಾಗಿ ಬಂಧನವಾದೀತೆಂಬ ಭಯದಿಂದ ಅವರು 1879ರಲ್ಲಿ ಕೆನಡಾಕ್ಕೆ ಓಡಿಹೋದರು. ಎಲ್ಲರನ್ನೂ ಪ್ರಶ್ನಿಸಬಲ್ಲ ಸಭೆಯೊಂದು ಹಿರಿಯನನ್ನು ಪ್ರಶ್ನಿಸದಿದ್ದರೆ ಅದನ್ನು ನ್ಯಾಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಈ ತೊಡಕು ನಮ್ಮ ಕರಾವಳಿಯಲ್ಲೂ ಇದೆ. ಉಡುಪಿ, ಮಂಗಳೂರಿನ ಆಸುಪಾಸಿನ ಹಳ್ಳಿಗಳಲ್ಲಿ ಗಡಿಯ ತಕರಾರು, ಪಾಲಿನ ಜಗಳಗಳು ಠಾಣೆಗೆ ಹೋಗುವ ಮೊದಲು ಊರಿನ ಹಿರಿಯ ಮನೆತನವಾದ ಗುತ್ತಿನ ಮನೆಯ ಚಾವಡಿಗೋ, ದೈವಾರಾಧನೆಯ ನೇಮದ ದಿನ ದೈವದ ಎದುರಿಗೋ ಬರುವುದುಂಟು. ದೈವದ ನುಡಿಗೆ ಇಬ್ಬರೂ ತಲೆಬಾಗಿ ಗಂಧಪ್ರಸಾದ ಪಡೆದರೆ, ಮರುದಿನ ತೋಟದ ದಾರಿಯಲ್ಲಿ ಎದುರಾದಾಗ ಮುಖ ತಿರುಗಿಸಬೇಕಾಗಿಲ್ಲ. ಇದು ಸಣ್ಣ ಸಾಧನೆಯಲ್ಲ. ಆದರೆ ಹೊಡೆತ ತಿಂದ ಹೆಂಡತಿಯ ಪಂಚಾತಿಕೆಯಾದರೆ, ಗಂಡಸರು ಚಾವಡಿಯಲ್ಲಿ ಎಲೆಯಡಿಕೆಯ ಹರಿವಾಣದ ಸುತ್ತ ಕುಳಿತಿರುತ್ತಾರೆ, ಅವಳು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಾಳೆ. ಮನೆಯ ಮಾನದ ಹೆಸರಿನಲ್ಲಿ ರಾಜಿಯಾದ ಮೇಲೆ ಅದೇ ಮನೆಗೆ ಮರಳುವವಳೂ ಅವಳೇ.

ಕೋಪನ್‌ಹೇಗನ್‌ನ ಕ್ರಿಸ್ಟಿಯಾನಿಯಾ ಇನ್ನೊಂದು ಮಿತಿಯನ್ನು ತೋರಿಸುತ್ತದೆ. ಖಾಲಿ ಬಿದ್ದಿದ್ದ ಸೇನಾ ನೆಲೆಯಲ್ಲಿ 1971ರಲ್ಲಿ ಹುಟ್ಟಿದ ಈ ನೆಲೆಯವರು ಒಮ್ಮತದಿಂದ ತೀರ್ಮಾನಿಸುತ್ತಾರೆ. ಆಯುಧ ಮತ್ತು ಹಿಂಸೆಯನ್ನು ನಿಷೇಧಿಸಿಕೊಂಡಿದ್ದಾರೆ. ಹೆರಾಯಿನ್ ಹಬ್ಬಿದಾಗ, 1979ರಲ್ಲಿ, ಚಿಕಿತ್ಸೆಗೆ ಹೋಗಿ, ಇಲ್ಲವೇ ಊರು ಬಿಡಿ ಎಂದು ವ್ಯಸನಿಗಳಿಗೆ ಹೇಳಿದವರು, ಮಾರುವವರನ್ನು ಹೊರಹಾಕಿದವರು ಅಲ್ಲಿನ ನಿವಾಸಿಗಳೇ. ಆದರೆ ಗಾಂಜಾದ ಮಾರುಕಟ್ಟೆ ಬಂದೂಕು ಹಿಡಿದ ಗುಂಪುಗಳ ಕೈಗೆ ಹೋದ ಮೇಲೆ ಒಮ್ಮತ ಸಾಲಲಿಲ್ಲ; 2024ರಲ್ಲಿ ಆ ಮಾರುಕಟ್ಟೆ ನಡೆಯುತ್ತಿದ್ದ ಬೀದಿಯ ಕಲ್ಲುಗಳನ್ನು ನಿವಾಸಿಗಳು ಕಿತ್ತುಹಾಕಿದ್ದು ಸರಕಾರದ ಬೆಂಬಲದೊಂದಿಗೆ.

ನ್ಯೂಜಿಲೆಂಡ್‌ನ 1989ರ ಕಾನೂನು ಹರೆಯದ ಅಪರಾಧಿಗಳಿಗಾಗಿ ಕುಟುಂಬ ಸಭೆಯನ್ನು ತಂದಿತು. ಅಲ್ಲಿ ಪೊಲೀಸರೂ ಇರುತ್ತಾರೆ, ಆದರೆ ನೊಂದವರಿಗೆ ಬಂದು ಮಾತನಾಡುವ ಹಕ್ಕಿದೆ. ನಾನು ಬೇಡುವುದೂ ಅದನ್ನೇ: ರಾಜಿಯ ಮಾತು ಶುರುವಾಗುವ ಮೊದಲು ನೊಂದವರ ಮಾತು ಮುಗಿಯಬೇಕು, ರಾಜಿ ಬೇಡವೆಂದರೆ ಅಲ್ಲಿಗೇ ನಿಲ್ಲಬೇಕು, ಮತ್ತು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ರಕ್ಷಣಾಧಿಕಾರಿಯ ಬಳಿಗೆ ಹೋಗುವವಳನ್ನು ಊರಿನ ಯಾವ ಹಿರಿಯರೂ ತಡೆಯಬಾರದು.