ತಕ್ಕಡಿಯ ಮುಳ್ಳು

ಕೇಳುಗರಿಗೆ ನಮಸ್ಕಾರ.

ಕೋಲಾರದ ಪೇಟೆಯಲ್ಲಿ ನಾನು ಚಿಕ್ಕಂದಿನಲ್ಲಿ ಕಂಡ ಅಕ್ಕಸಾಲಿಗರೊಬ್ಬರ ತಕ್ಕಡಿ ಗಾಜಿನ ಪೆಟ್ಟಿಗೆಯೊಳಗೆ ಇರುತ್ತಿತ್ತು. ಒಂದು ತಟ್ಟೆಯಲ್ಲಿ ಮೂಗುಬೊಟ್ಟು, ಇನ್ನೊಂದರಲ್ಲಿ ಗುಲಗಂಜಿ ಇಟ್ಟು, ಗಾಳಿ ತಾಗದಂತೆ ಗಾಜು ಮುಚ್ಚಿ, ಮುಳ್ಳು ತಾನಾಗಿ ನಿಲ್ಲುವ ತನಕ ಅವರು ಕೈ ಹಿಂದಕ್ಕೆ ತೆಗೆದುಕೊಂಡು ಕಾಯುತ್ತಿದ್ದರು. ಒಬ್ಬರ ಪ್ರಾರ್ಥನೆಯ ಬದುಕಿಗೆ ಇನ್ನೊಬ್ಬರು ಕಿವಿಗೊಟ್ಟು ಜೊತೆಯಾಗುವ, ಕ್ರೈಸ್ತರು ಆಧ್ಯಾತ್ಮಿಕ ಮಾರ್ಗದರ್ಶನ ಎಂದು ಕರೆಯುವ ಸಾಧನೆಯ ಕುರಿತು ಯೋಚಿಸಿದಾಗಲೆಲ್ಲ ನನಗೆ ಆ ಹಿಂದೆ ಸರಿದ ಕೈ ನೆನಪಾಗುತ್ತದೆ. ಯೇಸುಸಭೆ ಎಂಬ ಸನ್ಯಾಸಿ ಸಂಘವನ್ನು ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲರು 1548ರಲ್ಲಿ ಅಚ್ಚಾದ ತಮ್ಮ ಆಧ್ಯಾತ್ಮಿಕ ಸಾಧನೆಗಳ ಕೈಪಿಡಿಯಲ್ಲಿ ಈ ತಕ್ಕಡಿಯನ್ನೇ ಉದಾಹರಿಸಿದ್ದಾರೆ: ಸಾಧನೆ ಮಾಡಿಸುವವನು ಅತ್ತ ಇತ್ತ ವಾಲದೆ ತಕ್ಕಡಿಯ ಹಾಗೆ ನಡುವೆ ನಿಂತು, ಸೃಷ್ಟಿಕರ್ತನು ತನ್ನ ಸೃಷ್ಟಿಯೊಡನೆ ನೇರವಾಗಿ ವ್ಯವಹರಿಸಲು ಎಡೆಮಾಡಿಕೊಡಬೇಕು.

ಗುರುವೆಂದರೆ ತಲೆಬಾಗುವ ಸೀಮೆ ನಮ್ಮದು. ಹೀಗಾಗಿ ಈ ಮಾರ್ಗದರ್ಶನವನ್ನು ಗುರುಶಿಷ್ಯ ಸಂಬಂಧವೆಂದೇ ಭಾವಿಸುವುದು ಸಹಜ. ಪೂರ್ತಿ ತಪ್ಪೂ ಅಲ್ಲ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ತಪಸ್ವಿಗಳನ್ನು ಹುಡುಕಿಕೊಂಡು ಬಂದವರು “ಅಬ್ಬಾ, ನನಗೊಂದು ಮಾತು ಹೇಳಿ” ಎಂದು ಬೇಡುತ್ತಿದ್ದರು. ಅಬ್ಬಾ ಎಂದರೆ ಅಪ್ಪ. ಹೆಂಗಸರಲ್ಲಿ ಅಂಥ ಹಿರಿಯರನ್ನು ಅಮ್ಮಾ ಎಂದೇ ಕರೆಯುತ್ತಿದ್ದರು, ಇದಕ್ಕೆ ನಮ್ಮಲ್ಲಿ ಅನುವಾದವೇ ಬೇಡ. ಹೀಗೆ ಬಂದ ಒಬ್ಬನಿಗೆ ಅಬ್ಬಾ ಮೋಶೆ ಹೇಳಿದ್ದು ಇಷ್ಟೇ: ಹೋಗಿ ನಿನ್ನ ಗುಡಿಸಲಲ್ಲಿ ಕೂತುಕೋ, ಆ ಗುಡಿಸಲೇ ನಿನಗೆ ಎಲ್ಲವನ್ನೂ ಕಲಿಸುತ್ತದೆ. ಬಂದವನನ್ನು ತನ್ನ ಬಳಿ ಇರಿಸಿಕೊಳ್ಳದೆ ಅವನ ಜಾಗಕ್ಕೇ ಹಿಂದಿರುಗಿಸಿದ ಈ ಉತ್ತರದಲ್ಲಿ ಮಾರ್ಗದರ್ಶನದ ಮುಕ್ಕಾಲು ಪಾಲು ಅಡಗಿದೆ ಎಂದು ನನ್ನ ಅನಿಸಿಕೆ.

ಮಾಡಿದ ಪಾಪಗಳನ್ನು ಪಾದ್ರಿಗಳ ಮುಂದೆ ಹೇಳಿಕೊಳ್ಳುವ ಪಾಪನಿವೇದನೆಗೂ ಇದಕ್ಕೂ ವ್ಯತ್ಯಾಸವಿದೆ. ಪಾಪನಿವೇದನೆಯನ್ನು ಕೇಳಿ ಕ್ಷಮೆ ಸಾರುವುದು ಪಾದ್ರಿಗಳ ಅಧಿಕಾರ. ಮಾರ್ಗದರ್ಶನವನ್ನಾದರೋ ಕನ್ಯಾಸ್ತ್ರೀಯೊಬ್ಬರು ಮಾಡಬಹುದು, ಸಂಸಾರಸ್ಥರೂ ಮಾಡಬಹುದು. ಸಾಮಾನ್ಯವಾಗಿ ತಿಂಗಳಿಗೊಮ್ಮೆ, ಒಂದು ಗಂಟೆಯ ಹೊತ್ತು, ಇಬ್ಬರು ಎದುರುಬದುರು ಕೂರುತ್ತಾರೆ. ಪ್ರಾರ್ಥನೆಯಲ್ಲಿ ಏನಾಯಿತು, ಏನಾಗಲಿಲ್ಲ ಎಂದು ಒಬ್ಬರು ಹೇಳುತ್ತಾರೆ, ಇನ್ನೊಬ್ಬರು ಕೇಳುತ್ತಾರೆ.

ಕೇಳುವುದು ಸುಲಭದ ಕೆಲಸವೆಂದು ತಿಳಿಯಬಾರದು. ವರ್ಷಗಟ್ಟಲೆ ಬೈಬಲ್ ವಾಕ್ಯವನ್ನು ಓದಿ, ಮನನ ಮಾಡಿ ಪ್ರಾರ್ಥಿಸಿದವರಿಗೆ ಒಂದು ದಿನ ಮಾತೂ ಚಿತ್ರವೂ ಒಣಗಿಹೋಗಿ, ದೇವರ ಮುಂದೆ ಸುಮ್ಮನೆ ಇರುವುದಷ್ಟೇ ಉಳಿಯಬಹುದು. ಆಗ ಅನುಭವವಿಲ್ಲದ ಮಾರ್ಗದರ್ಶಿ ಇದನ್ನು ಸೋಮಾರಿತನವೆಂದು ಬಗೆದು, ಮತ್ತೆ ಓದು, ಮತ್ತೆ ಮನನ ಮಾಡು ಎಂದು ಒತ್ತಾಯಿಸುತ್ತಾನೆ. ಹದಿನಾರನೆಯ ಶತಮಾನದ ಸ್ಪೇನಿನ ಕಾರ್ಮೆಲ್ ಸನ್ಯಾಸಿ ಸಭೆಯ ಸಂತ, ಶಿಲುಬೆಯ ಯೋಹಾನರು, ಇಂಥವರ ಮೇಲೆ ಸಿಟ್ಟಾಗಿ, ಕಮ್ಮಾರನಂತೆ ಸುತ್ತಿಗೆಯಲ್ಲಿ ಬಡಿಯುವುದೊಂದೇ ಇವರಿಗೆ ಗೊತ್ತು ಎಂದು ಬರೆದರು. ಕಮ್ಮಾರರ ಕಸುಬಿನ ಮೇಲೆ ಅವರಿಗೇನೂ ಕೋಪವಿರಲಿಲ್ಲ. ಅಕ್ಕಸಾಲಿಯ ಮೇಜಿಗೆ ಆ ಸುತ್ತಿಗೆ ಬಂದದ್ದೇ ಅವರ ತಕರಾರು. ಅವರ ಒಡನಾಡಿ ಆವಿಲಾದ ತೆರೇಸಾ ಕೂಡ, ಅರೆಬರೆ ಓದಿದ ಪಾದ್ರಿಗಳಿಂದ ತಮಗಾದ ಹಾನಿಯನ್ನು ಮುಚ್ಚಿಡದೆ ಬರೆದಿದ್ದಾರೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಬಿಡಬೇಕೆಂದು ನಿಶ್ಚಯಿಸಿ, ರಾಜೀನಾಮೆ ಪತ್ರವನ್ನು ಜೇಬಿನಲ್ಲಿಟ್ಟುಕೊಂಡೇ ವಯಸ್ಸಾದ ಸಿಸ್ಟರ್ ಒಬ್ಬರ ಬಳಿ ಹೋಗಿದ್ದೆ. ಬಿಡಿ ಎನ್ನುತ್ತಾರೋ ಬೇಡ ಎನ್ನುತ್ತಾರೋ ಎಂದು ಕಾದೆ. ಅವರು ಎರಡನ್ನೂ ಹೇಳಲಿಲ್ಲ. “ಈಚೆಗೆ ಪ್ರಾರ್ಥನೆ ಹೇಗಿದೆ?” ಎಂದು ಕೇಳಿದರು. ಮರಳು ಅಗಿದ ಹಾಗಿದೆ ಎಂದೆ. ಮನಸ್ಸು ಬಾಡಿರುವಾಗ ಹೊಸ ನಿರ್ಧಾರ ಮಾಡಬೇಡ, ಹಿಂದೆ ನೆಮ್ಮದಿಯಲ್ಲಿದ್ದಾಗ ಮಾಡಿದ ನಿರ್ಧಾರದಲ್ಲೇ ನಿಲ್ಲು ಎಂಬುದು ಇಗ್ನೇಷಿಯಸರ ನಿಯಮ; ಅದನ್ನಷ್ಟು ನೆನಪಿಸಿ, ಬಹಳ ಹೊತ್ತು ಸುಮ್ಮನೆ ಕೂತರು. ಹೊರಡುವಾಗ, “ಈ ಸಂಕಟವನ್ನು ನನಗೆ ಹೇಳಿದಿರಲ್ಲ, ದೇವರಿಗೆ ಹೇಳಿದ್ದೀರಾ?” ಎಂದರು.

ಹೇಳಿರಲಿಲ್ಲ. ಬಸ್ಸಿನಲ್ಲಿ ಕೋಲಾರಕ್ಕೆ ಬರುವ ದಾರಿಯಲ್ಲಿ ಅದನ್ನು ಹೇಳತೊಡಗಿದೆ.