ತಲೆ ಎಣಿಸುವ ಜಾಗ

ಕೇಳುಗರಿಗೆ ನಮಸ್ಕಾರ.

2019ರ ಜುಲೈ 23ರ ಸಂಜೆ ಟಿವಿ ನೋಡಿದವರಿಗೆ ನೆನಪಿರಬಹುದು. ವಿಧಾನಸಭೆಯಲ್ಲಿ ಶಾಸಕರು ಸಾಲು ಸಾಲಾಗಿ ಎದ್ದು ನಿಂತರು. ಶಾಲೆ ಪ್ರವಾಸದಲ್ಲಿ ಮೇಷ್ಟ್ರು ಮಕ್ಕಳನ್ನು ಎಣಿಸುತ್ತಾರಲ್ಲ, ಹಾಗೇ ಅಧಿಕಾರಿಗಳು ತಲೆ ಎಣಿಸಿದರು. ಕುಮಾರಸ್ವಾಮಿ ಸರ್ಕಾರದ ಪರವಾಗಿ 99, ವಿರುದ್ಧ 105. ಸರ್ಕಾರ ಬಿತ್ತು. ಬೇಸರ ಆದವರೂ ಇದ್ದರು, ಖುಷಿಪಟ್ಟವರೂ ಇದ್ದರು. ಲೆಕ್ಕ ಮಾತ್ರ ಎಲ್ಲರ ಕಣ್ಣೆದುರೇ ಆಯಿತು.

ಅದಕ್ಕೆ 30 ವರ್ಷ ಹಿಂದೆ ಕಥೆ ಬೇರೆ ಇತ್ತು. 1989ರ ಏಪ್ರಿಲ್. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ. ಅವರದೇ ಪಕ್ಷದ ಶಾಸಕರೊಬ್ಬರು 19 ಪತ್ರಗಳನ್ನು ಹಿಡಿದು ರಾಜಭವನಕ್ಕೆ ಹೋದರು. ಎಲ್ಲದರಲ್ಲೂ ಒಂದೇ ಮಾತು, ಬೆಂಬಲ ವಾಪಸ್. ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ದೆಹಲಿಗೆ ವರದಿ ಕಳಿಸಿದರು. ಅಷ್ಟರಲ್ಲಿ ಆ 19 ಮಂದಿಯಲ್ಲಿ ಏಳು ಜನ ಉಲ್ಟಾ ಪತ್ರ ಬರೆದರು: ನಮ್ಮನ್ನು ದಾರಿ ತಪ್ಪಿಸಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಕಡೆಗೇ ಇದ್ದೇವೆ ಅಂತ.

ಬೊಮ್ಮಾಯಿ ಕೇಳಿದ್ದು ಜಾಸ್ತಿ ಏನಲ್ಲ. 27ಕ್ಕೆ ಸದನ ಸೇರುತ್ತದೆ, ಬೇಕಿದ್ದರೆ ಇನ್ನೂ ಮುಂಚೆಯೇ ಕರೆಯೋಣ, ಬಹುಮತ ಅಲ್ಲೇ ತೋರಿಸುತ್ತೇನೆ ಎಂದರು. ಒಪ್ಪಿಗೆ ಸಿಗಲಿಲ್ಲ. ಏಪ್ರಿಲ್ 21ಕ್ಕೆ ಕೇಂದ್ರದವರು, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ ಸಂವಿಧಾನದ 356ನೇ ವಿಧಿ ಬಳಸಿ ಸರ್ಕಾರವನ್ನು ಕಿತ್ತುಹಾಕಿದರು. ವಿಧಾನಸಭೆಯೂ ಹೋಯಿತು. ಬಿಸಿಲಲ್ಲಿ ಸಾಲು ನಿಂತು ನಾವು ಹಾಕಿದ ವೋಟು ಒಂದು ಲಕೋಟೆಯೊಳಗೆ ಮುಗಿದುಹೋಯಿತು, ಅಲ್ವಾ?

ಈ ವಿಧಿ ಬಳಸುವ ಪ್ರಸಂಗವೇ ಬಾರದಿರಲಿ ಎಂದು ಅಂಬೇಡ್ಕರ್ ಆಶಿಸಿದ್ದರು. ಆದರೆ 1994ರ ಹೊತ್ತಿಗೆ ಅದು 90ಕ್ಕೂ ಹೆಚ್ಚು ಸಲ ಬಳಕೆಯಾಗಿತ್ತು!

ಬೊಮ್ಮಾಯಿ ಸುಮ್ನೆ ಕೂರಲಿಲ್ಲ. ಹೈಕೋರ್ಟಿನಲ್ಲಿ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಎಂಬುದು ಸದನದಲ್ಲಿ ತೀರ್ಮಾನ ಆಗಬೇಕು, ರಾಜಭವನದಲ್ಲಲ್ಲ. ಸರ್ಕಾರ ತೆಗೆದದ್ದು ಯಾವ ಆಧಾರದ ಮೇಲೆ ಎಂದು ಕೋರ್ಟು ಕೇಳಬಹುದು. ಸಂಸತ್ತು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದಲ್ಲಿ ಮಾಡಿದ್ದು ತಪ್ಪು ಎಂದೂ ಹೇಳಿತು. ಆದರೆ ಅಷ್ಟರಲ್ಲಿ ಚುನಾವಣೆ ನಡೆದು ನಾಲ್ಕು ವರ್ಷ ದಾಟಿತ್ತು. ಬೊಮ್ಮಾಯಿಗೆ ಕುರ್ಚಿ ವಾಪಸ್ ಬರಲಿಲ್ಲ. ಕೇಸಿಗೆ ಅವರ ಹೆಸರು ಉಳಿಯಿತು.

2018ರ ಮೇ ತಿಂಗಳಲ್ಲಿ ಮತ್ತೆ ನಮ್ಮಲ್ಲೇ ಜಗಳ. ಬಹುಮತ ತೋರಿಸಲು ಯಡಿಯೂರಪ್ಪನವರಿಗೆ ರಾಜ್ಯಪಾಲರು 15 ದಿನ ಕೊಟ್ಟಿದ್ದರು. ಸುಪ್ರೀಂ ಕೋರ್ಟು, ಅಷ್ಟೆಲ್ಲ ಬೇಡ, ನಾಳೆ ಸಂಜೆ ನಾಲ್ಕಕ್ಕೆ ಸದನದಲ್ಲೇ ಆಗಲಿ ಎಂದಿತು. ಮರುದಿನ ಮತಕ್ಕೆ ಹಾಕುವ ಮೊದಲೇ ಅವರು ರಾಜೀನಾಮೆ ಹೇಳಿ ಹೊರನಡೆದರು. ಅವತ್ತು ತಲೆ ಎಣಿಸುವ ಪ್ರಮೇಯವೇ ಬರಲಿಲ್ಲ.